ಪ್ಲಾಸ್ಟಿಕ್ ಬ್ಲಾಕ್ ಡೆಮೊ ನೋಡಿ ರೋಟರಿ ಫೈಲ್ ಕೊಳ್ಳಬೇಡಿ

ದಂತವೈದ್ಯ ಮಿತ್ರರೇ, ಹಲ್ಲಿನ ಬೇರಿನೊಳಗಿನ ನಾಳವನ್ನು (ಕೆನಾಲ್) ಕೊರೆದು ಶುಚಿ ಮಾಡುವ, ಮೋಟರಿನಿಂದ ತಿರುಗುವ ರೋಟರಿ ಫೈಲ್ ಹಿಡಿದುಕೊಂಡು "ಒಂದೇ ಫೈಲ್, ಮೂರು ನಿಮಿಷ, ಬ್ಯಾಕ್ಟೀರಿಯಾ ಪೂರ್ತಿ ಕ್ಲೀನ್, ಸಲೈನ್ ಹಾಕಿದ್ರೂ ಸಾಕು" ಅಂತ ಯಾರಾದರೂ ಕ್ಲಿನಿಕ್‌ಗೆ ಬಂದರೆ ದುಡ್ಡು ಕೊಡಬೇಡಿ. ನಾನು ಕೊಟ್ಟೆ. ಆರು ಪ್ಯಾಕೆಟ್. ಬರೆಯೋಕೂ ನಾಚಿಕೆ ಆಗ್ತಿದೆ.

ಡೆಮೊ ಮಾಡಿದ್ದು ಕೆನಾಲ್ ತರಹದ ತೂತಿರುವ ಎರಡು ಪ್ಲಾಸ್ಟಿಕ್ ಬ್ಲಾಕ್ ಇಟ್ಟು. ಒಂದರಲ್ಲಿ ಶೇ. 2 ಟೇಪರ್ (ತುದಿಯಿಂದ ಮೇಲಕ್ಕೆ ದಪ್ಪವಾಗುವ ಪ್ರಮಾಣ) ಹ್ಯಾಂಡ್ ಫೈಲ್, ಇನ್ನೊಂದರಲ್ಲಿ ಅವರ 25/06 (ತುದಿ 0.25 ಮಿ.ಮೀ., ಟೇಪರ್ ಶೇ. 6) ರೋಟರಿ. ಒಳಗೆ ಬಿಟ್ಟಿದ್ದ ಶಾಯಿ ಮೊದಲನೆಯದರಲ್ಲಿ ಅಲ್ಲಲ್ಲಿ ಉಳಿಯಿತು, ರೋಟರಿಯಲ್ಲಿ ಚೂರೂ ಇಲ್ಲ. ಬ್ಲಾಕಿನ ಕೆನಾಲ್ ದುಂಡಗಿರುತ್ತೆ, ಫೈಲೂ ದುಂಡಗೆ ಕೊರೆಯುತ್ತೆ, ಶಾಯಿ ಉಳಿಯೋಕೆ ಜಾಗವೆಲ್ಲಿ? ಇಷ್ಟು ಸರಳ ವಿಷಯ ಆಗ ಹೊಳೆಯಲಿಲ್ಲ!

ಹೊಳೆದದ್ದು ಕಿತ್ತ ಹಲ್ಲಿನಲ್ಲಿ ಮಾಡಿ ನೋಡಿದಾಗ. ಕೆಳಗಿನ ದವಡೆ ಹಲ್ಲಿನ ಡಿಸ್ಟಲ್ (ಹಿಂಬದಿಯ) ಬೇರು, ಅವರು ಹೇಳಿದ ಕ್ರಮದಲ್ಲೇ, ಬರೀ ಸಲೈನ್. ಬೇರನ್ನು ಮಧ್ಯಕ್ಕೆ ಅಡ್ಡ ಕತ್ತರಿಸಿ ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿ ನೋಡಿದರೆ ನಡುವೆ ನುಣುಪಾದ ದುಂಡು ತೂತು. ಈ ಕೆನಾಲ್ ದುಂಡಗಿಲ್ಲ, ಚಪ್ಪಟೆ; ತೂತಿನ ಎರಡೂ ಪಕ್ಕ, ಕೆನ್ನೆ ಕಡೆಗೂ ನಾಲಿಗೆ ಕಡೆಗೂ, ಕಂದು ಪಲ್ಪ್ (ಹಲ್ಲಿನೊಳಗಿನ ಮೃದು ಅಂಗಾಂಶ) ಹಾಗೇ ಅಂಟಿಕೊಂಡಿದೆ. ಕೊರೆದ ಪುಡಿಯೂ ಆ ಸಂದಿಗೇ ಒತ್ತಿಕೊಂಡು ಕೂತಿದೆ. ರೋಗಿಯ ಬಾಯಲ್ಲಿ ಬಳಸೋ ಮುಂಚೆ ನೋಡಿದೆನಲ್ಲ, ಅದೊಂದೇ ಸಮಾಧಾನ.

ಮಾರಿದವರಿಗೆ ಫೋಟೊ ಕಳಿಸಿದೆ. ಮೊದಲ ಉತ್ತರ: "ಡಾಕ್ಟ್ರೇ, ನಿಮ್ಮ ಮೋಟರ್ ಸ್ಪೀಡ್ ಸರಿಯಿಲ್ಲ." ಇಟ್ಟಿದ್ದು 300 ಆರ್‌ಪಿಎಂ, ಅವರ ಕಾರ್ಡ್‌ನಲ್ಲೇ ಬರೆದದ್ದು. ಆಮೇಲೆ: "ಸ್ವಲ್ಪ ಉಳಿದ್ರೆ ಏನಾಗಲ್ಲ ಸಾರ್, ಆಬ್ಚುರೇಶನ್‌ನಲ್ಲಿ (ಕೆನಾಲ್ ತುಂಬಿ ಮುಚ್ಚುವಾಗ) ಸೀಲ್ ಆಗುತ್ತೆ." ಪೂರ್ತಿ ಕ್ಲೀನ್ ಅಂದವರೇ! ಕೊನೆಗೆ: "ಒಡೆದ ಪ್ಯಾಕೆಟ್ ವಾಪಸ್ ಇಲ್ಲ." ಒಡೆದದ್ದು ಒಂದು. ಉಳಿದ ಐದಕ್ಕೂ ಅದೇ ಉತ್ತರ.

2001ರ ಮೈಕ್ರೋ ಸಿಟಿ ಸ್ಕ್ಯಾನ್ ಅಧ್ಯಯನದಲ್ಲಿ ಹೋಲಿಸಿದ ನಾಲ್ಕೂ ವಿಧಾನಗಳು ಕೆನಾಲ್ ಗೋಡೆಯ ಶೇ. 35 ಅಥವಾ ಅದಕ್ಕೂ ಹೆಚ್ಚು ಭಾಗ ಮುಟ್ಟದೆ ಬಿಟ್ಟಿದ್ದವು. ಫೈಲ್ ದಾರಿ ಮಾಡಿಕೊಡುತ್ತೆ, ಬ್ಯಾಕ್ಟೀರಿಯಾ ಕೊಲ್ಲೋದು ತೊಳೆಯುವ ದ್ರಾವಣವಾದ ಹೈಪೋಕ್ಲೋರೈಟ್ (ಹೈಪೋ). ರೋಟರಿ ಬೇಗ ಮುಗಿಸಿದಷ್ಟೂ ಹೈಪೋ ಒಳಗೆ ನಿಲ್ಲುವ ಸಮಯ ಕಮ್ಮಿ, ಹಾಗಾಗಿ ಉಳಿದ ನಿಮಿಷಗಳನ್ನು ತೊಳೆಯೋಕೆ ಕೊಡಿ. ಶೇ. 3 ಹೈಪೋ, 30 ಗೇಜ್ ಸೈಡ್ ವೆಂಟ್ (ಪಕ್ಕದಲ್ಲಿ ತೂತಿರುವ) ಸೂಜಿ, ವರ್ಕಿಂಗ್ ಲೆಂತ್‌ಗಿಂತ (ಫೈಲ್ ಇಳಿಯಬೇಕಾದ ಆಳ) 2 ಮಿ.ಮೀ. ಮೇಲೆಯೇ ನಿಲ್ಲಿಸಿ, ಎಲ್ಲೂ ಸಿಕ್ಕಿಕೊಳ್ಳದ ಹಾಗೆ ಆಡಿಸುತ್ತಾ ಬಿಡಿ. ಪಕ್ಕದ ಸಂದಿಗಳನ್ನು ಎಚ್ ಫೈಲ್ ಅನ್ನೋ ಹ್ಯಾಂಡ್ ಫೈಲ್‌ನಿಂದ ಕೆರೆಯಿರಿ. ಅಲ್ಟ್ರಾಸಾನಿಕ್ ತುದಿಯಿಂದ ಹೈಪೋ ಅಲುಗಿಸೋದು 20 ಸೆಕೆಂಡಿನಂತೆ ಮೂರು ಸಲ, ಪ್ರತಿ ಸಲ ಹೊಸ ಹೈಪೋ. ಶೇ. 17 ಇಡಿಟಿಎ (ಗೋಡೆಗೆ ಮೆತ್ತಿದ ಪುಡಿಯ ಪದರ ತೆಗೆಯುವ ದ್ರಾವಣ) ಒಂದು ನಿಮಿಷ, ಮತ್ತೆ ಹೈಪೋ. ಕ್ಲೋರ್‌ಹೆಕ್ಸಿಡಿನ್ (ಇನ್ನೊಂದು ಬ್ಯಾಕ್ಟೀರಿಯಾ ನಾಶಕ) ಹಾಕೋದಾದರೆ ಹೈಪೋಗೂ ಅದಕ್ಕೂ ನಡುವೆ ಸಲೈನ್ ಹಾಕಿ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಕಂದು ಗಸಿ ಕೂರುತ್ತೆ.

ಡೆಮೊಗೆ ಬಂದವರ ಎದುರು ಕಿತ್ತ ಹಲ್ಲು ಇಟ್ಟು "ಇದರಲ್ಲಿ ಮಾಡಿ ತೋರಿಸಿ" ಅನ್ನಿ. ನನ್ನ ಐದು ಪ್ಯಾಕೆಟ್ ಸೀಲ್ ಸಮೇತ ಡ್ರಾಯರ್‌ನಲ್ಲಿವೆ. ಆ ಮನುಷ್ಯ ಈಗ ಫೋನೇ ಎತ್ತುತ್ತಿಲ್ಲ.