ಮತ್ತೆ ಮೇಲೇಳದ ವೆಬ್ ಸರ್ವರ್: ಅಪಾಚೆ, ಎಂಜಿನ್‌ಎಕ್ಸ್, ಕ್ಯಾಡಿ – ಮೂರನ್ನೂ ಬಳಸಿ ಕಂಡದ್ದು

ಪ್ರವೇಶ ಅರ್ಜಿ ಸಲ್ಲಿಸಲು ಅಂದು ಕೊನೆಯ ದಿನ. ಒಂದು ಶಿಕ್ಷಣ ಸಂಸ್ಥೆಯ ಜಾಲತಾಣವನ್ನು ಆಗ ನಾನು ನೋಡಿಕೊಳ್ಳುತ್ತಿದ್ದೆ. ಸೆಂಟ್‌ಒಎಸ್ 6 ಎಂಬ ಲಿನಕ್ಸ್, ಪುಟಗಳನ್ನು ಬ್ರೌಸರ್‌ಗೆ ಕಳಿಸುವ ವೆಬ್ ಸರ್ವರ್ ಆಗಿ ಅಪಾಚೆ 2.2, ಅದರ ಹೊಟ್ಟೆಯೊಳಗೇ ಆ ಪುಟಗಳನ್ನು ಸಿದ್ಧಪಡಿಸುವ ಪಿಎಚ್‌ಪಿ. ರಾತ್ರಿ ಹತ್ತೂವರೆಗೆ, ಸರ್ವರ್ ಹೇಗೆ ನಡೆಯಬೇಕೆಂದು ಹೇಳುವ ಕಾನ್ಫಿಗ್ ಫೈಲಿನಲ್ಲಿ ಒಂದೇ ಒಂದು ಸಾಲು ಬದಲಿಸಿ ರೀಸ್ಟಾರ್ಟ್ ಕೊಟ್ಟೆ. ನಿಲ್ಲಿಸುವ ಸಾಲಿನ ಎದುರು ಹಸಿರು ಅಕ್ಷರದಲ್ಲಿ 'ಓಕೆ' ಮೂಡಿತು. ಆರಂಭಿಸುವ ಸಾಲಿನ ಎದುರು ಕೆಂಪಕ್ಷರ: 'ಫೇಲ್ಡ್'. ಕಾರಣವನ್ನೂ ಅಪಾಚೆಯೇ ಹೇಳಿತ್ತು. ದೋಷ ಸಂಖ್ಯೆ 98, ವಿಳಾಸ ಈಗಾಗಲೇ ಬಳಕೆಯಲ್ಲಿದೆ, 80ನೇ ಪೋರ್ಟನ್ನು (ಜಾಲತಾಣದ ಕೋರಿಕೆಗಳು ಬರುವ, ಆ ಸಂಖ್ಯೆಯ ಬಾಗಿಲನ್ನು) ಹಿಡಿಯಲು ಆಗಲಿಲ್ಲ.

ಅಪಾಚೆ ನಿಂತಿದೆ, ಆದರೂ ಅದರ ಪೋರ್ಟ್ ಖಾಲಿಯಾಗಿಲ್ಲ. ಇನ್ನೊಮ್ಮೆ ಕೊಟ್ಟೆ, ಮತ್ತೆ ಅದೇ ಕೆಂಪಕ್ಷರ. 'ಹಳೆಯ ಸಂಪರ್ಕಗಳು ಮುಗಿದರೂ ಪೂರ್ತಿ ಅಳಿಯದೆ ಟೈಮ್-ವೇಟ್ ಎಂಬ ಸ್ಥಿತಿಯಲ್ಲಿರುತ್ತವೆ, ಒಂದು ನಿಮಿಷ ಕಾದರೆ ಬಿಡುತ್ತವೆ' ಎಂದು ಯಾರೋ ಹೇಳಿದ್ದು ನೆನಪಾಗಿ ಕಾದೆ. ಲಿನಕ್ಸ್‌ನಲ್ಲಿ ಆ ಸ್ಥಿತಿ 60 ಸೆಕೆಂಡು ಇರುವುದು ನಿಜ. ಆದರೆ ಈ ಸರ್ವರ್‌ಗಳೆಲ್ಲ ಪೋರ್ಟ್ ಹಿಡಿಯುವಾಗ, ಅಂಥ ಹಳೆಯ ಸಂಪರ್ಕಗಳಿದ್ದರೂ ಪೋರ್ಟ್ ಕೊಡು ಎನ್ನುವ ರೀಯೂಸ್-ಅಡ್ರೆಸ್ ಎಂಬ ಆಯ್ಕೆಯನ್ನು ಇಟ್ಟುಕೊಂಡೇ ಹಿಡಿಯುತ್ತವೆ; ಟೈಮ್-ವೇಟ್ ಅವುಗಳಿಗೆ ಅಡ್ಡಿಯಾಗುವುದಿಲ್ಲ. ನಾನು ಕಾದ ಆ ನಿಮಿಷ ಪೂರ್ತಿ ದಂಡ. 98 ಬಂದಿದೆ ಎಂದರೆ ಆ ಪೋರ್ಟಿನ ಮೇಲೆ ಜೀವಂತವಾಗಿ ಯಾರೋ ಕಿವಿಗೊಟ್ಟು ಕೂತಿದ್ದಾರೆ ಎಂದೇ ಅರ್ಥ.

ಯಾರು ಎಂದು ಕೇಳುವುದಕ್ಕೆ ಎಸ್‌ಎಸ್ ಎಂಬ ಎರಡಕ್ಷರದ ಕಮಾಂಡ್ ಇದೆ. ಅದರ ಮುಂದೆ ಅಡ್ಡಗೆರೆ ಎಳೆದು ಎಲ್, ಟಿ, ಎನ್, ಪಿ ಎಂಬ ನಾಲ್ಕು ಅಕ್ಷರಗಳನ್ನು ಬರೆದರೆ ಯಾವ ಪೋರ್ಟ್ ಯಾವ ಪ್ರೋಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಕೈಯಲ್ಲಿದೆ ಎಂಬ ಪಟ್ಟಿ ಸಿಗುತ್ತದೆ. ಅಂದು 80ರ ಎದುರು ಅಪಾಚೆಯ ಹೆಸರೇ ಇರಲಿಲ್ಲ. ಇದ್ದದ್ದು ಅರ್ಜಿದಾರರಿಗೆ ಮೊಬೈಲ್ ಸಂದೇಶ ಕಳಿಸುವ ಒಂದು ಸಣ್ಣ ಪ್ರೋಗ್ರಾಂ. ಪಿಎಚ್‌ಪಿ ಅದನ್ನು ಹಿನ್ನೆಲೆಯಲ್ಲಿ ಎಬ್ಬಿಸುತ್ತಿತ್ತು. ಪಿಎಚ್‌ಪಿ ಇದ್ದದ್ದು ಅಪಾಚೆಯೊಳಗೆ. ಹಾಗಾಗಿ ಅಪಾಚೆ ತೆರೆದಿಟ್ಟಿದ್ದ ಸಾಕೆಟ್, ಅಂದರೆ ಪೋರ್ಟಿನ ಮೇಲಿನ ಹಿಡಿತ, ಈ ಮರಿಗೂ ಬಳುವಳಿಯಾಗಿ ಬಂದಿತ್ತು. ಬಾಡಿಗೆದಾರ ಮನೆ ಬಿಟ್ಟು ಹೋದ, ಅವನ ಮನೆಗೆ ಬಂದಿದ್ದ ನೆಂಟ ಬೀಗದ ಕೈ ಹಿಡಿದುಕೊಂಡು ಒಳಗೇ ಉಳಿದ. ಆ ಪ್ರೋಸೆಸನ್ನು ನಿಲ್ಲಿಸಿದ ಕೂಡಲೇ ಅಪಾಚೆ ಎದ್ದಿತು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಯಾವುದೋ ಸೈಬರ್ ಕೇಂದ್ರದಲ್ಲಿ ಅರ್ಧ ತುಂಬಿದ ಅರ್ಜಿಯ ಮುಂದೆ ಕೂತಿದ್ದ ಮಕ್ಕಳಿಗೆ ಆ ಇಪ್ಪತ್ತು ನಿಮಿಷ ಹೇಗಿತ್ತು ಎಂಬುದನ್ನು ಮರೆಯಲು ನನಗೆ ಇವತ್ತಿಗೂ ಆಗಿಲ್ಲ.

ಆಮೇಲೆ ಸರ್ವರ್ ಆರಿಸುವ ನನ್ನ ಅಳತೆಗೋಲೇ ಬದಲಾಯಿತು. ಸೆಕೆಂಡಿಗೆ ಎಷ್ಟು ಸಾವಿರ ಕೋರಿಕೆಗಳನ್ನು ತಡೆದುಕೊಳ್ಳುತ್ತದೆ ಎಂಬ ಹೋಲಿಕೆಗಳು ಬೇಕಾದಷ್ಟಿವೆ. ನನಗೆ ಬೇಕಾದದ್ದು ಬೇರೆ: ನಾನು ತಪ್ಪು ಮಾಡಿ 'ಮತ್ತೆ ಶುರುವಾಗು' ಎಂದಾಗ ಅದು ಏನು ಮಾಡುತ್ತದೆ? ಇದನ್ನು ನೋಡುವುದಕ್ಕಾಗಿ ಡೆಬಿಯನ್ 12 ಎಂಬ ಲಿನಕ್ಸ್ ಇರುವ ಒಂದು ಸಣ್ಣ ಯಂತ್ರವನ್ನು ಬಾಡಿಗೆಗೆ ಪಡೆದು, ಒಂದೇ ಜಾಲತಾಣವನ್ನು ಮೂರು ಸರ್ವರ್‌ಗಳಲ್ಲಿ ಸರದಿಯಂತೆ ಇಟ್ಟೆ. 1995ರಿಂದ ಇರುವ ಅಪಾಚೆ. ಇಗೋರ್ ಸಿಸೊಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್. ಗೋ ಭಾಷೆಯಲ್ಲಿ ಬರೆದ, 2020ರಲ್ಲಿ ಎರಡನೆಯ ಆವೃತ್ತಿಯಾಗಿ ಬಂದ ಕ್ಯಾಡಿ.

ಮೊದಲ ಪರೀಕ್ಷೆ ಸುಲಭದ್ದು. ಕಾನ್ಫಿಗ್ ಫೈಲಿನಲ್ಲಿ ಒಂದು ಅಕ್ಷರ ಕೆಡಿಸಿದೆ. ರೀಲೋಡ್ (ನಿಲ್ಲದೆಯೇ ಕಾನ್ಫಿಗ್ ಮತ್ತೆ ಓದು ಎಂಬ ಆದೇಶ) ಕೊಟ್ಟಾಗ ಮೂರೂ ಉಳಿದುಕೊಂಡವು. ಅಪಾಚೆಯನ್ನು ನಡೆಸುವ ಅಪಾಚೆಸಿಟಿಎಲ್ ಎಂಬ ಕಮಾಂಡ್ ಮೊದಲು ಫೈಲನ್ನು ಓದಿ ನೋಡಿ, ತಪ್ಪಿದ್ದರೆ ಮುಂದುವರಿಯುವುದಿಲ್ಲ. ಆದರೆ ಈ ಕಾವಲು ಇರುವುದು ಅಪಾಚೆಸಿಟಿಎಲ್‌ನಲ್ಲಿಯೇ ಹೊರತು ಅಪಾಚೆಯಲ್ಲಿ ಅಲ್ಲ. ಯಾವುದೋ ಹಳೆಯ ಸ್ಕ್ರಿಪ್ಟ್ ನೇರವಾಗಿ ಪ್ರೋಸೆಸ್‌ಗೆ ಹಪ್ ಸಿಗ್ನಲ್ (ಕಾನ್ಫಿಗ್ ಮತ್ತೆ ಓದು ಎಂಬ ಸನ್ನೆ) ಕಳಿಸಿದರೆ, ತಪ್ಪು ಫೈಲನ್ನು ಓದಿದ ತಾಯಿ ಪ್ರೋಸೆಸ್ ಅಲ್ಲೇ ಮುಗಿದುಹೋಗುತ್ತದೆ. ಇನ್ನು ರೀಲೋಡ್ ಬದಲು ರೀಸ್ಟಾರ್ಟ್ ಕೊಟ್ಟರೆ ಕಥೆಯೇ ಬೇರೆ. ಮೊದಲು ನಿಲ್ಲಿಸು, ಆಮೇಲೆ ಆರಂಭಿಸು ಎಂಬುದೇ ಅದರ ಅರ್ಥವಾದ್ದರಿಂದ, ತಪ್ಪು ಫೈಲ್ ಇದ್ದಾಗ ಯಾವ ಸರ್ವರ್ ಕೂಡ ಮತ್ತೆ ಏಳುವುದಿಲ್ಲ. ಕಾನ್ಫಿಗ್ ಬದಲಾವಣೆಗೆ ರೀಸ್ಟಾರ್ಟ್ ಕೊಡುವ ಅಭ್ಯಾಸವನ್ನು ಬಿಡಿ ಎಂದು ಜೊತೆಗೆ ಕೆಲಸ ಮಾಡುವವರಿಗೆಲ್ಲ ನಾನು ಹೇಳುತ್ತಲೇ ಬಂದಿದ್ದೇನೆ.

ಎರಡನೆಯ ಪರೀಕ್ಷೆಯಲ್ಲಿ ಮೂವರ ಸ್ವಭಾವವೂ ಬಯಲಾಯಿತು. 8080ನೇ ಪೋರ್ಟಿನಲ್ಲಿ ಬೇರೊಂದು ಪ್ರೋಗ್ರಾಂ ಕೂರಿಸಿದೆ. ಆಮೇಲೆ ಪ್ರತಿ ಸರ್ವರ್‌ಗೂ '80ರ ಜೊತೆಗೆ 8080ರಲ್ಲೂ ಕಿವಿಗೊಡು' ಎಂದು ಬರೆದು ರೀಲೋಡ್ ಕೊಟ್ಟೆ. ಫೈಲಿನ ವ್ಯಾಕರಣದಲ್ಲಿ ಯಾವ ತಪ್ಪೂ ಇಲ್ಲ. ಅಪಾಚೆಯ ಪರೀಕ್ಷೆ 'ಸಿಂಟ್ಯಾಕ್ಸ್ ಓಕೆ' ಎಂದಿತು, ಎಂಜಿನ್‌ಎಕ್ಸ್‌ನ ಟಿ ಪರೀಕ್ಷೆಯೂ ಸರಿಯಿದೆ ಎಂದಿತು. ಎರಡರ ಪರೀಕ್ಷೆಯೂ ಆ ಪೋರ್ಟ್ ಬೇರೆಯವರ ಕೈಯಲ್ಲಿದೆಯೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಪಾಚೆ ಹೊಸ ಪೋರ್ಟ್ ಹಿಡಿಯಲು ಹೋಯಿತು, ಸಿಗಲಿಲ್ಲ, ಲಾಗ್‌ನಲ್ಲಿ ಎರಡು ಸಾಲು ಬರೆದು ಪೂರ್ತಿಯಾಗಿ ನಿಂತುಹೋಯಿತು. ಹೊಸ ಬಾಗಿಲು ತೆರೆಯಲಾಗಲಿಲ್ಲ ಎಂದು ಅಂಗಡಿಯನ್ನೇ ಮುಚ್ಚಿದ ಹಾಗೆ. ಅದುವರೆಗೆ 80ರಲ್ಲಿ ಚೆನ್ನಾಗಿ ನಡೆಯುತ್ತಿದ್ದ ಜಾಲತಾಣವೂ ಹೋಯಿತು. ಡೆಬಿಯನ್‌ನಲ್ಲಿ ಸೇವೆಗಳನ್ನು ಆರಂಭಿಸುವ, ನಿಲ್ಲಿಸುವ ಸಿಸ್ಟಂಡಿ ಕೂಡ ಅದನ್ನು ತಾನಾಗಿ ಮತ್ತೆ ಎಬ್ಬಿಸಲಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲೆ ಅಪಾಚೆಯ ಮೇಲೆ ನನಗಿದ್ದ ಭರವಸೆ ಒಂದು ಮೆಟ್ಟಿಲು ಇಳಿಯಿತು. ಅಪಾಚೆಯಲ್ಲಿ ರೀಲೋಡ್‌ಗೆ ಇರುವ ಹೆಸರು 'ಗ್ರೇಸ್‌ಫುಲ್'; ಅಂಥ ಹೆಸರಿನ ಆದೇಶ ಹೀಗೆ ಕೊನೆಯಾಗಬಾರದು.

ಎಂಜಿನ್‌ಎಕ್ಸ್ ಅರ್ಧ ಸೆಕೆಂಡಿನ ಅಂತರದಲ್ಲಿ ಐದು ಸಲ ಪ್ರಯತ್ನಿಸಿತು, ಆಗದೇ ಹೋದಾಗ ಹಳೆಯ ಕಾನ್ಫಿಗ್‌ಗೆ ಮರಳಿ ಏನೂ ಆಗದಂತೆ ಕೆಲಸ ಮುಂದುವರಿಸಿತು. ಜಾಲತಾಣ ಒಂದು ಕ್ಷಣವೂ ನಿಲ್ಲಲಿಲ್ಲ. ಆದರೆ ನನ್ನ ಟರ್ಮಿನಲ್‌ನಲ್ಲಿ ಒಂದು ಮಾತೂ ಬರಲಿಲ್ಲ. ಆದೇಶ ಯಶಸ್ವಿ ಎಂಬಂತೆ ಪ್ರಾಂಪ್ಟ್ ಮರಳಿತು. ನಡೆದದ್ದೆಲ್ಲ ಎರರ್ ಲಾಗ್‌ನಲ್ಲಿತ್ತು, ನಾನು ಹೋಗಿ ನೋಡಿದರೆ ಮಾತ್ರ. ಹೊಸ ಕಾನ್ಫಿಗ್ ಜಾರಿಯಲ್ಲಿದೆ ಎಂದು ನಂಬಿ ನಾನು ಮಲಗಬಹುದಿತ್ತು. ಮುಂದೆ ಎಂದೋ ಯಂತ್ರ ರೀಬೂಟ್ ಆದಾಗ ಹಳೆಯ ಕಾನ್ಫಿಗ್‌ನ ನೆನಪಿಲ್ಲದ ಎಂಜಿನ್‌ಎಕ್ಸ್ ಏಳುವುದೇ ಇಲ್ಲ, ಕಾರಣ ಹುಡುಕುವವರಿಗೆ ತಿಂಗಳ ಹಿಂದಿನ ಬದಲಾವಣೆ ಹೊಳೆಯುವುದೂ ಇಲ್ಲ.

ಕ್ಯಾಡಿ ಮಾತ್ರ ಎರಡನ್ನೂ ಮಾಡಿತು. ಹಳೆಯ ಕಾನ್ಫಿಗ್‌ನಲ್ಲೇ ಉಳಿಯಿತು, ಪೋರ್ಟ್ ಸಿಗಲಿಲ್ಲ ಎಂದು ನನ್ನ ಎದುರೇ ಹೇಳಿತು. ಅದು ಸಿಗ್ನಲ್ ನಂಬಿಕೊಂಡಿಲ್ಲ. ಅದೇ ಯಂತ್ರದ 2019ನೇ ಪೋರ್ಟಿನಲ್ಲಿ ಒಂದು ಆಡಳಿತ ಬಾಗಿಲನ್ನು ಇಟ್ಟುಕೊಂಡಿದೆ. ರೀಲೋಡ್ ಎಂದರೆ ಆ ಬಾಗಿಲಿಗೆ ಹೊಸ ಕಾನ್ಫಿಗ್ ಕೊಟ್ಟು ಉತ್ತರಕ್ಕಾಗಿ ನಿಲ್ಲುವುದು. ಸಿಗ್ನಲ್‌ಗೆ ಉತ್ತರ ಬರುವುದಿಲ್ಲ, ಇದಕ್ಕೆ ಬರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಕಾಯುವ ಜೀವಕ್ಕೆ ಎಷ್ಟು ನೆಮ್ಮದಿ ಎಂಬುದು ಅನುಭವಿಸಿದವರಿಗೆ ಗೊತ್ತು. ಯಾರಾದರೂ ಭದ್ರತೆಯ ಹೆಸರಿನಲ್ಲಿ ಆ ಬಾಗಿಲನ್ನು ಮುಚ್ಚಿಟ್ಟರೆ ರೀಲೋಡ್ ಕೂಡ ನಡೆಯುವುದಿಲ್ಲ ಎಂಬುದನ್ನು ನೆನಪಿಡಬೇಕು.

ಮೂರನೆಯದಾಗಿ, ದೊಡ್ಡ ಫೈಲೊಂದು ಡೌನ್‌ಲೋಡ್ ಆಗುತ್ತಿರುವಾಗಲೇ ರೀಲೋಡ್ ಕೊಟ್ಟು ನೋಡಿದೆ. ಮೂರರಲ್ಲೂ ಡೌನ್‌ಲೋಡ್ ಕಡಿಯಲಿಲ್ಲ. ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ವೆಬ್‌ಸಾಕೆಟ್ ಸಂಪರ್ಕದಲ್ಲಿ ಮಾತ್ರ ಭೇದ ಕಂಡಿತು. ಎಂಜಿನ್‌ಎಕ್ಸ್‌ನ ಹಳೆಯ ಕೆಲಸಗಾರ ಪ್ರೋಸೆಸ್ ಕೊನೆಯ ಸಂಪರ್ಕ ಮುಗಿಯುವವರೆಗೂ ಹೋಗುವುದಿಲ್ಲ; ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಪಿಎಸ್ ಪಟ್ಟಿಯಲ್ಲಿ 'ಮುಚ್ಚುತ್ತಿದೆ' ಎಂಬ ಸೂಚನೆ ಹೊತ್ತು ಗಂಟೆಗಟ್ಟಲೆ ಇರುತ್ತದೆ. ದಿನಕ್ಕೆ ಹತ್ತು ಸಲ ರೀಲೋಡ್ ಮಾಡುವ ಕಡೆ ಇಂಥವು ಸೇರಿ ಮೆಮೊರಿ ತಿನ್ನುತ್ತವೆ. 1.11.11ನೇ ಆವೃತ್ತಿಯಿಂದ ಇರುವ ವರ್ಕರ್-ಶಟ್‌ಡೌನ್-ಟೈಮ್‌ಔಟ್ ಎಂಬ ಸಾಲಿನಿಂದ ಇದಕ್ಕೆ ಗಡುವು ಹಾಕಬಹುದು. ಕ್ಯಾಡಿ ಇದಕ್ಕೆ ತದ್ವಿರುದ್ಧ. ರೀಲೋಡ್ ಆದ ಕೂಡಲೇ ವೆಬ್‌ಸಾಕೆಟ್‌ಗಳನ್ನು ಕಡಿದುಹಾಕುತ್ತದೆ. ತಡ ಮಾಡು ಎಂದು ನಾವೇ ಬರೆಯಬೇಕು. ಮಾತುಕತೆಯ ಆ್ಯಪ್ ನಡೆಸುವವರಿಗೆ ಇದು ದೊಡ್ಡ ವಿಷಯ.

ರೀಬೂಟ್ ಪರೀಕ್ಷೆಯಲ್ಲಿ ಕೈಕೊಟ್ಟದ್ದು ಎಂಜಿನ್‌ಎಕ್ಸ್. ಕೋರಿಕೆಗಳನ್ನು ದಾಟಿಸಬೇಕಾದ ಹಿಂಬದಿಯ ಸರ್ವರನ್ನು ಐಪಿ ಸಂಖ್ಯೆಯ ಬದಲು ಹೆಸರಿನಿಂದ ಬರೆದಿದ್ದೆ. ಯಂತ್ರ ಏಳುವ ಗಳಿಗೆಯಲ್ಲಿ, ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಇನ್ನೂ ಸಿದ್ಧವಿರಲಿಲ್ಲ. ಹೆಸರು ಸಿಗದಿದ್ದರೆ ಎಂಜಿನ್‌ಎಕ್ಸ್ ಆರಂಭವಾಗಲು ನಿರಾಕರಿಸುತ್ತದೆ. ಅಪಾಚೆ, ಕ್ಯಾಡಿ ಎರಡೂ ಕೋರಿಕೆ ಬಂದಾಗ ಹುಡುಕಿದರಾಯಿತು ಎಂದು ಎದ್ದು ನಿಲ್ಲುತ್ತವೆ. ಐಪಿ ಬರೆಯುವುದು, ಇಲ್ಲವೇ ನೆಟ್‌ವರ್ಕ್ ಸಿದ್ಧವಾಯಿತು ಎಂದು ಸೂಚಿಸುವ ನೆಟ್‌ವರ್ಕ್-ಆನ್‌ಲೈನ್ ಗುರಿಯ ನಂತರವೇ ಆರಂಭಿಸುವಂತೆ ಸಿಸ್ಟಂಡಿಗೆ ಹೇಳುವುದು, ಇವೆರಡೂ ನನಗೆ ಉಪಯೋಗಕ್ಕೆ ಬಂದಿವೆ.

ಕ್ಯಾಡಿಯಲ್ಲಿ ನನ್ನನ್ನು ಅರ್ಧ ದಿನ ಅಲೆದಾಡಿಸಿದ ಸಂಗತಿಯೊಂದಿದೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ, ನಾನೇ ತಂದಿಟ್ಟ ಪ್ರಮಾಣಪತ್ರದ ಫೈಲನ್ನು ಅದೇ ಹೆಸರಿನಲ್ಲಿ ಹೊಸದಕ್ಕೆ ಬದಲಿಸಿ ರೀಲೋಡ್ ಕೊಟ್ಟೆ. ಬ್ರೌಸರ್ ಹಳೆಯ ದಿನಾಂಕವನ್ನೇ ತೋರಿಸುತ್ತಿತ್ತು. ಕಾನ್ಫಿಗ್ ಫೈಲಿನ ಅಕ್ಷರ ಬದಲಾಗದಿದ್ದರೆ ಕ್ಯಾಡಿ ರೀಲೋಡ್ ಮಾಡುವುದೇ ಇಲ್ಲ. 'ಫೋರ್ಸ್' ಎಂದು ಒತ್ತಾಯಿಸಬೇಕು. ಕ್ಯಾಡಿ ತಾನೇ ಪಡೆಯುವ ಪ್ರಮಾಣಪತ್ರಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕ್ಯಾಡಿಯನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯೊಳಗೆ ಓಡಿಸುವವರು, ಅವು ಇರುವ ಫೋಲ್ಡರನ್ನು ಅದರ ಹೊರಗೆ ಉಳಿಸದಿದ್ದರೆ ಪ್ರತಿ ಸಲ ಎದ್ದಾಗಲೂ ಹೊಸದನ್ನು ಕೇಳುತ್ತದೆ. ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಒಂದೇ ಹೆಸರುಗಳ ಗುಂಪಿಗೆ ವಾರಕ್ಕೆ 5ಕ್ಕಿಂತ ಹೆಚ್ಚು ಕೊಡುವುದಿಲ್ಲ. ತೊಂದರೆ ಹುಡುಕುವ ಗಡಿಬಿಡಿಯಲ್ಲಿ ಐದು ಸಲ ಕಂಟೇನರ್ ಕಿತ್ತು ಕಟ್ಟುವುದು ಎಷ್ಟು ಹೊತ್ತಿನ ಮಾತು!

ಗಡಿಬಿಡಿಯ ಮಾತು ಬಂದದ್ದರಿಂದ ಇದೂ ಇಲ್ಲೇ ಇರಲಿ. ಸಿಸ್ಟಂಡಿ ಸಾಮಾನ್ಯವಾಗಿ 10 ಸೆಕೆಂಡಿನಲ್ಲಿ 5 ಸಲ ಆರಂಭಿಸಿ ನೋಡಿ, ಆಮೇಲೆ ಕೈಚೆಲ್ಲುತ್ತದೆ. ಅಷ್ಟರೊಳಗೆ ಮೂಲ ತಪ್ಪನ್ನು ನೀವು ಸರಿಪಡಿಸಿದ್ದರೂ 'ಬಹಳ ಬೇಗ ಬೇಗ ಕೇಳಲಾಗಿದೆ' ಎಂಬ ಉತ್ತರವೇ ಬರುತ್ತಿರಬಹುದು. ರೀಸೆಟ್-ಫೇಲ್ಡ್ ಎಂಬ ಆದೇಶ ಆ ಎಣಿಕೆಯನ್ನು ಅಳಿಸುತ್ತದೆ. ದೋಷದ ಸಂಖ್ಯೆಯನ್ನೂ ಗಮನವಿಟ್ಟು ಓದಬೇಕು. 98 ಆದರೆ ಪೋರ್ಟ್ ಬೇರೆಯವರ ಬಳಿ ಇದೆ. 99 ಆದರೆ ನೀವು ಬರೆದ ಐಪಿ ಈ ಯಂತ್ರದಲ್ಲಿ ಇನ್ನೂ ಇಲ್ಲ. 13 ಆದರೆ ಅನುಮತಿಯ ಪ್ರಶ್ನೆ. ರೆಡ್ ಹ್ಯಾಟ್ ಬಳಗದ ಯಂತ್ರಗಳಲ್ಲಿ ಬಹಳ ಸಲ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು ಹೊಸ ಪೋರ್ಟಿಗೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಮೂರಕ್ಕೂ ಪರದೆಯ ಮೇಲೆ ಕಾಣುವುದು ಅದೇ ಕೆಂಪು ಅಕ್ಷರ, ಚಿಕಿತ್ಸೆ ಮಾತ್ರ ಬೇರೆ ಬೇರೆ.

ಹಾಗಾದರೆ ಯಾವುದು? ಒಬ್ಬರೇ ನೋಡಿಕೊಳ್ಳುವ ಸಣ್ಣ ಜಾಲತಾಣಕ್ಕೆ ನಾನು ಕ್ಯಾಡಿಯನ್ನೇ ಕೊಡುತ್ತೇನೆ, ಎರಡನೆಯ ಯೋಚನೆ ಇಲ್ಲ. ಫೋಲ್ಡರಿನೊಳಗೇ ಅಪಾಚೆಗೆ ನಿಯಮ ಹೇಳುವ ಎಚ್‌ಟಿ-ಆ್ಯಕ್ಸೆಸ್ ಫೈಲುಗಳ ಮೇಲೆ ನಿಂತ ಹಳೆಯ ಪಿಎಚ್‌ಪಿ ಜಾಲತಾಣಗಳಿದ್ದರೆ ಅಪಾಚೆ ಬಿಡಲಾಗದು. ಅಂಥ ಕಡೆ ಹೊಸ ಪೋರ್ಟ್ ಸೇರಿಸುವ ಮೊದಲು ಎಸ್‌ಎಸ್ ಪಟ್ಟಿ ನೋಡದೆ ನಾನು ರೀಲೋಡ್ ಮುಟ್ಟುವುದಿಲ್ಲ. ಜನದಟ್ಟಣೆ ಇರುವ ಕಡೆಗೆ ಎಂಜಿನ್‌ಎಕ್ಸ್. ಅದರ ಮೌನ ನನಗೆ ಇಷ್ಟವಿಲ್ಲ, ಆದರೆ ಮೌನಕ್ಕೆ ಮದ್ದಿದೆ: ರೀಲೋಡ್ ಆದ ಮೇಲೆ ಎರರ್ ಲಾಗ್‌ನ ಕೊನೆಯ ಹತ್ತು ಸಾಲು ಓದುವುದು, ಪಿಎಸ್ ಪಟ್ಟಿಯಲ್ಲಿ ಹೊಸ ಕೆಲಸಗಾರ ಪ್ರೋಸೆಸ್ ಎಷ್ಟು ಹೊತ್ತಿಗೆ ಹುಟ್ಟಿದೆ ಎಂದು ನೋಡುವುದು.

ಮೊದಲು ಹೇಳಿದ ಆ ಸಂಸ್ಥೆಯ ಜಾಲತಾಣವನ್ನು ಎಂಜಿನ್‌ಎಕ್ಸ್‌ಗೆ ವರ್ಗಾಯಿಸಿದೆ. ಪಿಎಚ್‌ಪಿ ಈಗ ಎಫ್‌ಪಿಎಂ ಎಂಬ ಪ್ರತ್ಯೇಕ ಸೇವೆಯಾಗಿದೆ. ಸಂದೇಶ ಕಳಿಸುವ ಪ್ರೋಗ್ರಾಂಗೆ ಸಿಸ್ಟಂಡಿಯಲ್ಲಿ ತನ್ನದೇ ಮನೆ ಕೊಟ್ಟಾಗಿದೆ, 80ನೇ ಪೋರ್ಟಿನ ಕೀಲಿ ಅದರ ಕೈಗೆ ಸಿಗುವ ದಾರಿಯೇ ಉಳಿದಿಲ್ಲ. ಮರುವರ್ಷ ಅರ್ಜಿಯ ಕೊನೆಯ ದಿನ ಸಂಜೆ ಅಪ್‌ಲೋಡ್ ಮಿತಿ ಸಾಲದೆ ಮೂರು ಸಲ ರೀಲೋಡ್ ಕೊಡಬೇಕಾಯಿತು. ಮೂರು ಸಲವೂ ಲಾಗ್ ಓದಿದೆ, ಪ್ರೋಸೆಸ್ ಹುಟ್ಟಿದ ಸಮಯ ನೋಡಿದೆ. ಅರ್ಜಿಗಳು ನಡುರಾತ್ರಿಯವರೆಗೂ ಒಂದರ ಹಿಂದೆ ಒಂದು ಬರುತ್ತಲೇ ಇದ್ದವು.