ಕೊಡಗಿನ ಏರು ದಾರಿಯಲ್ಲಿ ಕ್ಲಿಪ್‌ಲೆಸ್ ಪೆಡಲ್: ಮೂರು ವರ್ಷ ಬಳಸಿದ ಮೇಲೆ

ಭಾನುವಾರ ಬೆಳಿಗ್ಗೆ ಮಡಿಕೇರಿ ಕಡೆ ಸೈಕಲ್ ತುಳಿಯುವಾಗ ಸಿಗುವ ಹುಡುಗರು ನನ್ನ ಶೂ ನೋಡಿ ಕೇಳುವುದು ಒಂದೇ ಪ್ರಶ್ನೆ. "ಅಣ್ಣ, ಕಾಲು ಲಾಕ್ ಆಗಿರುತ್ತಲ್ಲ, ಬೀಳಲ್ವಾ?" ಬೀಳುತ್ತೀರಿ. ನಾನು ಎರಡು ಸಲ ಬಿದ್ದಿದ್ದೇನೆ. ಎರಡು ಸಲವೂ ಸೈಕಲ್ ನಿಂತೇ ಇತ್ತು. ಓಡುತ್ತಿರುವಾಗ ಈ ಪೆಡಲ್‌ನಿಂದ ಒಮ್ಮೆಯೂ ಬಿದ್ದಿಲ್ಲ. ಕೊಳ್ಳುವ ಮುಂಚೆ ಈ ವಿಷಯ ಯಾರಾದರೂ ನನಗೆ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ಶೂ ಪೆಡಲ್‌ಗೆ ಕಚ್ಚಿಕೊಳ್ಳುತ್ತದೆ, ಆದರೂ ಕ್ಲಿಪ್‌ಲೆಸ್ ಅನ್ನುತ್ತಾರೆ. ಹಿಂದೆ ಪೆಡಲ್ ಮೇಲೆ ಕಾಲ್ಬೆರಳು ತೂರಿಸುವ ಒಂದು ಬುಟ್ಟಿ, ಬಿಗಿಯಲು ಒಂದು ಪಟ್ಟಿ ಇರುತ್ತಿತ್ತು. ಅದಕ್ಕೆ ಟೋ ಕ್ಲಿಪ್ ಅಂತ ಹೆಸರು. ಆ ಕ್ಲಿಪ್ ಇಲ್ಲದ್ದು ಕ್ಲಿಪ್‌ಲೆಸ್, ಅಷ್ಟೆ. ಹಿಮದಲ್ಲಿ ಜಾರುವ ಸ್ಕೀಗೆ ಶೂ ಕಚ್ಚಿಸುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನು ಸೈಕಲ್‌ಗೆ ತಂದಿತು. ಮರುವರ್ಷ ಅಲ್ಲಿನ ಸೈಕಲ್ ಸವಾರ ಬರ್ನಾರ್ಡ್ ಹಿನೊ ಆ ಪೆಡಲ್ ತುಳಿದೇ ಟೂರ್ ಡಿ ಫ್ರಾನ್ಸ್ ರೇಸ್ ಗೆದ್ದರು. ಜಪಾನಿನ ಶಿಮಾನೊ ಕಂಪನಿಯ ಎಸ್‌ಪಿಡಿ ಪೆಡಲ್ ಬಂದಿದ್ದು 1990ರಲ್ಲಿ. ನಾನು ಈಗ ಬಳಸುತ್ತಿರುವುದು ಆ ಎಸ್‌ಪಿಡಿ ಬಗೆಯದ್ದನ್ನೇ.

ಆದರೆ ಶುರು ಮಾಡಿದ್ದು ಬೇರೆಯದರಲ್ಲಿ. ರೋಡ್ ಬೈಕ್ (ಟಾರು ರಸ್ತೆಗೆಂದು ಮಾಡಿದ ಸೈಕಲ್) ಅಂದರೆ ಮೂರು ಬೋಲ್ಟಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್ ಅಂತ ಎಲ್ಲರೂ ಹೇಳಿದರು. ಕ್ಲೀಟ್ ಅಂದರೆ ಶೂ ಅಡಿಗೆ ಕೂರಿಸುವ ಕೊಂಡಿ. ನಾನೂ ಅದನ್ನೇ ಕೊಂಡೆ. ಒಳ್ಳೆ ಟಾರು ರಸ್ತೆಯಲ್ಲಿ ತುಳಿಯುವಾಗ ಅದರಷ್ಟು ಸುಖ ಇನ್ನೊಂದಿಲ್ಲ. ತೊಂದರೆ ಇರುವುದು ಇಳಿದ ಮೇಲೆ. ಮೂರ್ನಾಡಿನ ಹತ್ತಿರ ನಮ್ಮ ಮನೆ. ಮುಖ್ಯ ರಸ್ತೆಯಿಂದ ಕಾಫಿ ತೋಟದೊಳಗೆ ಇಳಿಜಾರು, ಅರ್ಧ ಕೆಂಪು ಮಣ್ಣು, ಅರ್ಧ ಪಾಚಿ ಹಿಡಿದ ಕಲ್ಲು. ಆ ಕ್ಲೀಟ್ ಶೂ ಅಡಿಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಹಿಮ್ಮಡಿ ಊರಿಕೊಂಡು ಬಾತುಕೋಳಿ ಥರ ನಡೆಯಬೇಕು, ಪಾಚಿ ಮೇಲಂತೂ ನಿಲ್ಲುವುದಕ್ಕೇ ಆಗುವುದಿಲ್ಲ. ಪ್ಲಾಸ್ಟಿಕ್ ಬೇಗ ಸವೆಯಿತು. ನಾಲ್ಕು ತಿಂಗಳಿಗೆ ಮಾರಿಬಿಟ್ಟೆ.

ಎಸ್‌ಪಿಡಿ ಕ್ಲೀಟ್ ಚಿಕ್ಕದು, ಉಕ್ಕಿನದು, ಎರಡು ಬೋಲ್ಟ್. ಶೂ ಅಡಿಯ ರಬ್ಬರ್ ನಡುವಿನ ಗುಳಿಯಲ್ಲಿ ಅಡಗಿ ಕೂರುತ್ತದೆ. ಅಂಗಡಿಗೆ ಹೋಗಬಹುದು, ತೋಟದಲ್ಲಿ ಇಳಿಯಬಹುದು, ಬೇತ್ರಿ ಸೇತುವೆ ಹತ್ತಿರ ನಿಂತು ಕಾವೇರಿ ನೋಡಬಹುದು. ಪೆಡಲ್ ಎರಡೂ ಮುಖದ್ದು, ಹಾಗಾಗಿ ಯಾವ ಮುಖ ಮೇಲಿದೆ ಅಂತ ಬಗ್ಗಿ ನೋಡಬೇಕಾಗಿಲ್ಲ. ಪೆಡಲ್‌ಗೆ ಹತ್ತಿರ ಹತ್ತಿರ 3,500 ರೂಪಾಯಿ ಕೊಟ್ಟೆ, ಕ್ಲೀಟ್ ಜೊತೆಗೇ ಬಂತು. ಶೂಗೆ ಅದಕ್ಕಿಂತ ಜಾಸ್ತಿಯೇ ಆಯಿತು. ನಮ್ಮ ಜಿಲ್ಲೆಯಲ್ಲಿ ಸೈಕಲ್ ತುಳಿಯುವವರು ಯಾರೇ ಕೇಳಿದರೂ ನಾನು ಎರಡು ಬೋಲ್ಟಿನದನ್ನೇ ಹೇಳುತ್ತೇನೆ, ಸೈಕಲ್ ಎಷ್ಟೇ ದುಬಾರಿಯದ್ದಾಗಿರಲಿ.

ಕಲಿತಿದ್ದು ಊರಿನ ಹಾಕಿ ಮೈದಾನದಲ್ಲಿ. ಹುಲ್ಲಿದೆ, ಬಿದ್ದರೂ ಪೆಟ್ಟಾಗುವುದಿಲ್ಲ. ಅದಕ್ಕೂ ಮುಂಚೆ ಎರಡು ಸಂಜೆ ಮನೆ ಗೋಡೆಗೆ ಕೈ ಕೊಟ್ಟು, ಸೈಕಲ್ ಮೇಲೆ ಕೂತು, ಒಂದೊಂದು ಕಾಲಿಗೆ ಐವತ್ತು ಸಲ ಹಾಕುವುದು, ತೆಗೆಯುವುದು ಮಾಡಿದೆ. ಹಾಕುವಾಗ ಶೂ ಮುಂತುದಿಯನ್ನು ಪೆಡಲ್‌ಗೆ ತೂರಿಸಿ ಕೆಳಗೆ ಒತ್ತಬೇಕು. ಟಕ್ ಅನ್ನುತ್ತದೆ. ತೆಗೆಯುವಾಗ ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು. ಹೊಸಬರೆಲ್ಲ ಮಾಡುವ ತಪ್ಪು ಇಲ್ಲೇ. ಗಾಬರಿಯಾದಾಗ ಕಾಲನ್ನು ಮೇಲಕ್ಕೆ ಎಳೆಯುತ್ತಾರೆ. ಚಿಕ್ಕಂದಿನಿಂದ ಕಾಲಿಗೆ ಇರುವ ಅಭ್ಯಾಸ ಅದು. ಎಳೆದಷ್ಟೂ ಕೊಂಡಿ ಬಿಡುವುದಿಲ್ಲ.

ನಾನು ಮೊದಲ ಸಲ ಬಿದ್ದಿದ್ದು ಹಾಗೇ. ಏರಿನಲ್ಲಿ ನಿಧಾನಕ್ಕೆ ಹೋಗುತ್ತಿದ್ದೆ. ತೋಟದ ಗೇಟಿನಿಂದ ಒಂದು ಜೀಪು ಹಿಂದಕ್ಕೆ ಬಂತು. ಬ್ರೇಕ್ ಹಿಡಿದೆ, ಸೈಕಲ್ ನಿಂತಿತು, ಕಾಲು ಎಳೆದೆ, ಬರಲಿಲ್ಲ. ಬಲಕ್ಕೆ ಮರದ ದಿಮ್ಮಿಯ ಹಾಗೆ ಒರಗಿದೆ. ಡ್ರೈವರ್ ಓಡಿ ಬಂದು, "ಎಂತ ಆಯ್ತು ಅಣ್ಣ, ತಲೆ ತಿರುಗಿತಾ?" ಅಂತ ಕೇಳಿದರು. ಹಿಂದಿನಿಂದ ಬೇರೆ ವಾಹನ ಇರಲಿಲ್ಲ, ನನ್ನ ಪುಣ್ಯ. ಮೊಣಕೈ ತರಚಿತು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಮೊದಲು ಕಾಲು, ಆಮೇಲೆ ಬ್ರೇಕ್. ನಿಲ್ಲಬೇಕಾಗಬಹುದು ಅಂತ ಅನುಮಾನ ಬಂದ ಕೂಡಲೇ ಒಂದು ಕಾಲು ಬಿಡಿಸಿಬಿಡುವುದು. ನಿಲ್ಲದೇ ಹೋದರೆ ಮತ್ತೆ ಹಾಕಿಕೊಂಡರಾಯಿತು. ನಮ್ಮ ರಸ್ತೆಗಳಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ನಮ್ಮ ಕೈಯಲ್ಲಿ ಇಲ್ಲ, ಅಲ್ವಾ? ತಿರುವು ದಾಟಿದರೆ ದನ ಇರಬಹುದು, ಬಸ್ಸು ಇರಬಹುದು. ಆನೆಕಾಡಿನಲ್ಲಿ ಒಂದು ಬೆಳಿಗ್ಗೆ ಕುಶಾಲನಗರದಿಂದ ಸುಂಟಿಕೊಪ್ಪ ಕಡೆ ಬರುತ್ತಿದ್ದೆ. ಮುಂದೆ ಎರಡು ಕಾರಿನ ಕೆಂಪು ದೀಪ ಒಟ್ಟಿಗೆ ಹತ್ತಿದ್ದು ಕಂಡಿತು. ಏನು ಅಂತ ಗೊತ್ತಾಗುವ ಮುಂಚೆಯೇ ಕಾಲು ತಾನಾಗಿ ಬಿಚ್ಚಿಕೊಂಡಿತ್ತು. ಒಂದು ಹೆಣ್ಣಾನೆ, ಮರಿ, ಹಿಂದೆ ಇನ್ನೊಂದು ಆನೆ ರಸ್ತೆ ದಾಟುತ್ತಿದ್ದವು. ಎಲ್ಲ ಇಂಜಿನ್ ಬಂದ್ ಆಗಿತ್ತು. ಅವು ಬಿದಿರಿನೊಳಗೆ ಮರೆಯಾಗುವವರೆಗೆ ಇನ್ನೊಂದು ಕಾಲನ್ನು ತೆಗೆಯಲಿಲ್ಲ. ಆ ಟಕ್ ಸದ್ದು ಕೂಡ ಬೇಡ ಅನ್ನಿಸಿತ್ತು.

ಯಾವ ಕಾಲು ಮೊದಲು ಬಿಡಿಸಬೇಕು? ನಾವು ರಸ್ತೆಯ ಎಡಕ್ಕೆ ಹೋಗುವವರು, ಎಡಗಾಲು ಊರಿದರೆ ವಾಹನಗಳಿಂದ ದೂರ ವಾಲುತ್ತೇವೆ. ಅದು ಸರಿ. ಆದರೆ ನಮ್ಮಲ್ಲಿ ಎಡಕ್ಕೆ ಎಷ್ಟೋ ಕಡೆ ಆಳದ ಚರಂಡಿ, ಇಲ್ಲವೇ ಟಾರು ಮುರಿದು ಒಂದಡಿ ಕೆಳಗಿರುವ ಮಣ್ಣು. ಅಲ್ಲಿ ಎಡಗಾಲು ಚಾಚಿದರೆ ನೆಲವೇ ಸಿಗುವುದಿಲ್ಲ. ಹಾಗಾಗಿ ಎರಡೂ ಕಾಲಿಗೆ ಸಮ ಅಭ್ಯಾಸ ಮಾಡಿಸಿ. ಏರಿನಲ್ಲಿ ನಿಲ್ಲುವ ಮುಂಚೆ ಗೇರ್ ಹಗುರ ಮಾಡಿಕೊಳ್ಳಿ. ಮತ್ತೆ ಹೊರಡುವಾಗ ಒಂದೇ ಕಾಲು ಕಚ್ಚಿಸಿ ತುಳಿಯಿರಿ, ಇನ್ನೊಂದನ್ನು ಪೆಡಲ್ ಮೇಲೆ ಸುಮ್ನೆ ಇಟ್ಟಿರಿ. ಸ್ವಲ್ಪ ವೇಗ ಬಂದಾಗ ಅದು ತಾನೇ ಕೂರುತ್ತದೆ.

ಎರಡನೇ ಸಲ ಬಿದ್ದಿದ್ದಕ್ಕೆ ಕಾರಣ ಬೇರೆ. ಪೆಡಲ್‌ನ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅಂತ ಹೊಂದಿಸಲು ಒಂದು ಪುಟ್ಟ ಸ್ಕ್ರೂ ಇದೆ, 3 ಮಿಲಿಮೀಟರ್ ಅಲೆನ್ ಕೀ ಸಾಕು. ಹೊಸಬರು ಪೂರ್ತಿ ಸಡಿಲ ಇಟ್ಟುಕೊಳ್ಳಬೇಕು. ನಾನೂ ಎರಡು ಪೆಡಲ್‌ಗೆ ಎರಡು ಸ್ಕ್ರೂ ಸಡಿಲ ಮಾಡಿದ್ದೆ. ಆದರೆ ಪೆಡಲ್‌ಗೆ ಎರಡು ಮುಖ, ಒಟ್ಟು ನಾಲ್ಕು ಸ್ಕ್ರೂ! ಆರು ವಾರ ಒಂದೊಂದು ಸಲ ಕಾಲು ಸಲೀಸಾಗಿ ಬರುತ್ತಿತ್ತು, ಒಂದೊಂದು ಸಲ ಕಚ್ಚಿ ಹಿಡಿಯುತ್ತಿತ್ತು. ನನ್ನ ಕಾಲಿನದೇ ತಪ್ಪು ಅಂದುಕೊಂಡಿದ್ದೆ. ವಿರಾಜಪೇಟೆಯಲ್ಲಿ ಬಸ್ಸಿನ ಹಿಂದೆ ನಿಂತಾಗ ಬಿಗಿ ಮುಖಕ್ಕೆ ಸಿಕ್ಕಿಬಿದ್ದು ಉರುಳಿದೆ. ಮನೆಗೆ ಬಂದು ಬಗ್ಗಿ ನೋಡಿದಾಗ ಅರ್ಥವಾಯಿತು. ನಾಲ್ಕನ್ನೂ ಒಂದೇ ಅಳತೆಗೆ ತರಬೇಕು, ತಿರುಗಿಸುವಾಗ ಬರುವ ಕಟ್ ಕಟ್ ಸದ್ದು ಎಣಿಸಿಕೊಂಡು.

ಲಾಭ ಏನು? ನಾನು ಮೊದಲಿಗಿಂತ ಬಲಶಾಲಿಯಾಗಿಲ್ಲ. ಕಾಲು ಮೇಲಕ್ಕೆ ಎಳೆದು ಶಕ್ತಿ ಉಳಿಸಬಹುದು ಅನ್ನುವ ಮಾತು ನನ್ನ ಅನುಭವಕ್ಕೆ ಬಂದಿಲ್ಲ. ಸಿಕ್ಕಿದ್ದು ಧೈರ್ಯ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್ ಏರು. ಸೀಟಿನಿಂದ ಎದ್ದು ತುಳಿಯುವಾಗ, ಅದರಲ್ಲೂ ಮಂಜು ಕವಿದು ಎಲ್ಲ ಒದ್ದೆಯಾದಾಗ, ಸಾದಾ ಪೆಡಲ್ ಮೇಲೆ ಶೂ ಜಾರಿ ಮೊಣಕಾಲ ಕೆಳಗಿನ ಮೂಳೆಗೆ ಪೆಡಲ್ ಬಡಿದ ಗಾಯ ನನಗಿನ್ನೂ ಇದೆ. ಈಗ ಆ ಭಯ ಇಲ್ಲ. ಇಳಿಯುವಾಗ ಹೊಂಡ ಬಂದರೂ ಕಾಲು ಜಾಗ ಬಿಡುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ಕಾಫಿ ಹೂ ಬಿಟ್ಟಾಗ ಆ ಘಮದಲ್ಲಿ ಕಾಲಿನ ಬಗ್ಗೆ ಯೋಚನೆಯೇ ಇಲ್ಲದೆ ಇಳಿಯುವ ಸುಖ ಬೇರೆಯೇ.

ಮೊಣಕಾಲಿನ ಮಾತು ಹೇಳಲೇಬೇಕು. ಮೊದಲ ತಿಂಗಳು ನನ್ನ ಬಲ ಮೊಣಕಾಲಿನ ಹೊರಬದಿ ನೋಯುತ್ತಿತ್ತು. ಕ್ಲೀಟ್ ಸ್ವಲ್ಪ ಓರೆ ಕೂತಿತ್ತು. ಹೆಬ್ಬೆರಳ ಬುಡದ ಗಂಟಿನ ಕೆಳಗೆ, ಇಲ್ಲವೇ ಸ್ವಲ್ಪ ಹಿಂದಕ್ಕೆ ಕೂರಿಸಿ, ನೀವು ನಡೆಯುವಾಗ ಪಾದ ಯಾವ ಕಡೆ ತಿರುಗಿರುತ್ತದೋ ಅದೇ ಕೋನ ಕೊಡಿ. ನೋವು ಬಂದರೆ ಸಹಿಸಿಕೊಂಡು ತುಳಿಯಬೇಡಿ. ಮೊದಲ ಸವಾರಿಯ ನಂತರ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ. ಬೋಲ್ಟ್ ಸಡಿಲವಾದರೆ ಶೂ ತಿರುಗುತ್ತದೆ, ಕ್ಲೀಟ್ ತಿರುಗುವುದಿಲ್ಲ. ಆಗ ಕಾಲು ಬರುವುದೇ ಇಲ್ಲ.

ಮಳೆಗಾಲ ಇವಕ್ಕೆ ನಿಜವಾದ ಪರೀಕ್ಷೆ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ನಾನು ಸೈಕಲ್ ತೆಗೆಯುವುದೇ ಕಡಿಮೆ. ತೆಗೆದರೆ ಮರುದಿನ ಕ್ಲೀಟ್ ಗುಳಿಯ ಕೆಂಪು ಮಣ್ಣನ್ನು ಕಡ್ಡಿಯಿಂದ ಕೆದಕಿ, ಸ್ಪ್ರಿಂಗಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ. ಒದ್ದೆ ಶೂ ಒಳಗೆ ನ್ಯೂಸ್ ಪೇಪರ್ ತುಂಬಿಡಿ. ಒಲೆ ಹತ್ತಿರ ಒಣಗಿಸಬೇಡಿ. ನಾನು ಹಾಗೆ ಮಾಡಿ ಒಂದು ಜೊತೆ ಶೂ ಅಡಿ ಕಿತ್ತುಬಂತು. ವರ್ಷಕ್ಕೊಮ್ಮೆ ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿದು ಕೂರುತ್ತದೆ. ಎಡ ಪೆಡಲ್‌ನ ಮರೆ (ಸ್ಕ್ರೂ ಸುರುಳಿ) ಉಲ್ಟಾ ಇರುತ್ತದೆ, ನೆನಪಿರಲಿ. ಮೂರು ವರ್ಷದಲ್ಲಿ ಒಮ್ಮೆ ಕ್ಲೀಟ್ ಬದಲಿಸಿದ್ದೇನೆ. ಪೆಡಲ್ ಇನ್ನೂ ಅದೇ.

ಕಳೆದ ತಿಂಗಳು ಅಕ್ಕನ ಮಗ ತನಗೂ ಬೇಕು ಅಂದ. ಅವನಿಗೆ ಮಲ್ಟಿ ರಿಲೀಸ್ ಕ್ಲೀಟ್ ತರಿಸಿದೆ. ಅದು ಪಕ್ಕಕ್ಕೆ ಮಾತ್ರ ಅಲ್ಲ, ಓರೆಯಾಗಿ ಜೋರಾಗಿ ಎಳೆದರೂ ಬಿಡುತ್ತದೆ. ಹೊಸಬರಿಗೆ ಅದೇ ಒಳ್ಳೆಯದು. ಅವನು ಮೈದಾನಕ್ಕೆ ಹೊರಡುವ ಮುಂಚೆ ನಾಲ್ಕು ಸ್ಕ್ರೂಗಳನ್ನೂ ನಾನೇ ಕೂತು ಸಡಿಲ ಮಾಡಿ ಕೊಟ್ಟೆ.