ವಕೀಲನ ಕಾದಂಬರಿಗೆ ಅಕ್ಷರ ಜೋಡಿಸಿದ ಅಂಗಡಿ

ಬೆಳಗಾವಿಯ ನ್ಯಾಯಾಲಯದ ಹೊರಗೆ, ನೋಟರಿಗಳ ಮೇಜುಗಳನ್ನು ದಾಟಿ ಚನ್ನಮ್ಮ ವೃತ್ತದ ಕಡೆಗೆ ನಡೆದರೆ ಸಿಗುವ ಸಣ್ಣ ಡಿಟಿಪಿ ಅಂಗಡಿಯಲ್ಲಿ ನಾನು ಇಪ್ಪತ್ತು ವರ್ಷಗಳಿಂದ ವಾದಪತ್ರ, ಕೈಫಿಯತ್ತುಗಳನ್ನು ಟೈಪ್ ಮಾಡಿಸುತ್ತ ಬಂದಿದ್ದೇನೆ. ಈ ವರ್ಷ ಅಲ್ಲಿಗೇ ನನ್ನ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಕೊಟ್ಟೆ. ಬಿಡುವು ಸಿಕ್ಕಾಗಲೆಲ್ಲ ಚೋರ್ಲಾ ಘಾಟ್ ಇಳಿದು ಗೋವೆಗೆ ಹೋಗಿ ಹಾಯಿದೋಣಿ ನಡೆಸುವುದು ನನ್ನ ಹಳೆಯ ಹವ್ಯಾಸ. ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಮಾಂಡವಿ ಎನಿಸಿಕೊಂಡು ಪಣಜಿಯ ಬಳಿ ಕಡಲು ಸೇರುವ ಜಾಗದಲ್ಲಿಯೇ ಕಾದಂಬರಿ ನಡೆಯುತ್ತದೆ.

ಮೊದಲು ಬೇರೊಂದು ಕಡೆ ಕೊಟ್ಟಿದ್ದ ಮೂರು ಅಧ್ಯಾಯಗಳು ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಿಂದ ಯೂನಿಕೋಡಿಗೆ ಬರುವಷ್ಟರಲ್ಲಿ ಅರ್ಕಾವೊತ್ತು, ಒತ್ತಕ್ಷರಗಳೆಲ್ಲ ಸ್ಥಳ ಬಿಟ್ಟು ಕದಲಿದ್ದವು. ಇಲ್ಲಿ ಅಕ್ಷರ ಜೋಡಿಸುವ ಹೆಣ್ಣುಮಗಳು ಅವನ್ನು ಸಾಲುಸಾಲಾಗಿ ಸರಿಪಡಿಸಿದ್ದಲ್ಲದೆ, ಹಸ್ತಪ್ರತಿಯಲ್ಲಿ ‘ಸದರಿ’ ಎಂಬ ಪದ ಬಂದಲ್ಲೆಲ್ಲ ಪೆನ್ಸಿಲ್ಲಿನಿಂದ ಗುರುತು ಮಾಡಿ, “ಇದು ಅರ್ಜಿ ಅಲ್ಲರಿ ಸಾಹೇಬ್ರ, ತಗದು ಬಿಡೂಣೇನು?” ಎಂದು ಕೇಳಿದರು. ಎಲ್ಲವನ್ನೂ ತೆಗೆಸಿದೆ.

ಏಳನೆಯ ಅಧ್ಯಾಯದಲ್ಲಿ ಅವರು ಮತ್ತೆ ತಡೆದರು. “ಗಾಳಿ ಎದುರಿಗೇ ಬರೂ ಮುಂದ ದೋಣಿ ಮುಂದಕ್ಕ ಹ್ಯಾಂಗ ಹೋಗತದರಿ?” ಹಾಯಿದೋಣಿ ಗಾಳಿಗೆ ನೇರವಾಗಿ ಎದುರು ಸಾಗದು, ಸುಮಾರು 45 ಡಿಗ್ರಿ ಓರೆ ಹಿಡಿದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಸಾಗಬೇಕು, ಹೊರಳುವಾಗ ಹಾಯಿಯ ಕೆಳಗಿನ ಗಳ ಆಚೆ ಬದಿಗೆ ಬೀಸಿ ಬರುವುದರಿಂದ ದೋಣಿಯಲ್ಲಿದ್ದವರು ತಲೆ ಬಗ್ಗಿಸಬೇಕು ಎಂದು ಮೇಜಿನ ಮೇಲೆ ಸ್ಕೇಲು ಇಟ್ಟು ತೋರಿಸಿದೆ. “ಹಂಗಾರ ದಿಬ್ಬಕ್ಕ ಚಕ್ಕಡಿ ಓರೆ ಹೊಡದಂಗ ಅನ್ರಿ” ಎಂದರು. ನಾನು ಎರಡು ಪುಟಗಳಲ್ಲಿ ಹೇಳಲಾಗದ್ದನ್ನು ಆ ಒಂದು ಮಾತು ಹೇಳಿತ್ತು. ಅವರ ಒಪ್ಪಿಗೆ ಪಡೆದು, ಆ ಪುಟಗಳನ್ನು ಹರಿದು, ಆ ಮಾತನ್ನು ಕಾದಂಬರಿಯ ಅಂಬಿಗನ ಬಾಯಲ್ಲಿ ಇಟ್ಟೆ.

ಪುಟವಿನ್ಯಾಸದಲ್ಲಿಯೂ ಅದೇ ಕಾಳಜಿ. 1/8 ಡೆಮಿ ಆಕಾರದಲ್ಲಿ ಪುಸ್ತಕ ಮೊದಲು 179 ಪುಟ ಬಂದಿತ್ತು. ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಟ್ಟಿನ, ಅಂದರೆ ಫಾರ್ಮಿನ, ಲೆಕ್ಕದಲ್ಲಿ ಮೂರು ಪುಟಕ್ಕಾಗಿ ಇನ್ನೊಂದು ಫಾರ್ಮು ಹಾಳಾಗುವುದನ್ನು ಅವರೇ ಗಮನಿಸಿ, ಒಂಟಿ ಪದ ಉಳಿದ ಸಾಲುಗಳನ್ನು ಮೇಲಕ್ಕೆಳೆದು ಸರಿಯಾಗಿ 176 ಪುಟಕ್ಕೆ ತಂದರು.

ಮುಖಪುಟದ ಕೆಲಸವನ್ನು ಮಾತ್ರ ಇಲ್ಲಿ ಒಪ್ಪಿಸಬಾರದು. ಎರಡಾಳಿನ ಹಾಯಿದೋಣಿಯ ಕಥೆಗೆ ಅಂತರ್ಜಾಲದಿಂದ ತೆಗೆದ ದೊಡ್ಡ ಪ್ರವಾಸಿ ಹಡಗಿನ ಚಿತ್ರ ಹಾಕಿದ್ದರು. ಅದನ್ನು ನಾನು ಒಪ್ಪಲಿಲ್ಲ. ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡವೂ ಆಯಿತು.

ನ್ಯಾಯಾಲಯ ನಡೆಯುವ ದಿನಗಳಲ್ಲಿ ಬೆಳಿಗ್ಗೆ ವಕಾಲತ್ತು, ಅಫಿಡವಿಟ್ಟುಗಳ ನೂಕುನುಗ್ಗಲು ಇರುತ್ತದೆಯಾದ್ದರಿಂದ, ಕಥೆ ಕಾದಂಬರಿ ಹಿಡಿದು ಹೋಗುವವರು ಮಧ್ಯಾಹ್ನ ಮೂರರ ನಂತರ ಹೋಗಬೇಕು, ಕರಡಚ್ಚನ್ನು ಅಲ್ಲಿಯೇ ಕುಳಿತು ಅವರೊಂದಿಗೆ ಓದಬೇಕು.